ಮೃಗಶಿರದಿಂದ ಪುಷ್ಯದವರೆಗೆ ಗಾಳ ಮಡಚಿಡೋಣ

ಗಾಳ ಹಿಡಿದು ಹೊಳೆ, ಕಟ್ಟೆ, ಕೆರೆಗಳ ದಡದಲ್ಲಿ ಕೂರುವ ನನ್ನ ಓರಗೆಯ ಗೆಳೆಯ ಗೆಳತಿಯರೇ,



ಭಾನುವಾರ ಬೆಳಗಿನ ಜಾವಕ್ಕೇ ಬೈಕಿಗೆ ರಾಡು ಕಟ್ಟಿಕೊಂಡು, ಚೀಲದಲ್ಲಿ ಎರೆಹುಳುವಿನ ಡಬ್ಬಿ, ಬೇಯಿಸಿದ ರಾಗಿ ಹಿಟ್ಟಿನ ಉಂಡೆ, ಮಧ್ಯಾಹ್ನಕ್ಕೆ ಬುತ್ತಿ ಇಟ್ಟುಕೊಂಡು ಹೊರಡುವವರು ಈಗ ನಮ್ಮ ಊರೂರಿನಲ್ಲೂ ಇದ್ದಾರೆ. ಹೈಸ್ಕೂಲು ಹುಡುಗರಿದ್ದಾರೆ, ಕಾಲೇಜಿನವರಿದ್ದಾರೆ, ಬೆಂಗಳೂರಿನ ಕೆಲಸದಿಂದ ವಾರದ ಕೊನೆಗೆ ಊರಿಗೆ ಬರುವವರಿದ್ದಾರೆ. ಹುಡುಗಿಯರೂ ಬರುತ್ತಿದ್ದಾರೆ. ನಿಮ್ಮನ್ನು ನೋಡಿದಾಗಲೆಲ್ಲ ನನಗೆ ಖುಷಿಯಾಗುತ್ತದೆ, ಏಕೆಂದರೆ ನಾನೂ ಅದೇ ಹುಚ್ಚಿನವನು. ಈ ಪತ್ರ ಬರೆಯುವುದಕ್ಕೆ ಎರಡು ಕಾರಣ. ಆ ಖುಷಿಯನ್ನು ನಿಮ್ಮ ಜೊತೆ ಹಂಚಿಕೊಳ್ಳುವುದು ಒಂದು. ವರ್ಷದಲ್ಲಿ ಕೆಲವು ವಾರ ಗಾಳವನ್ನು ಅಟ್ಟಕ್ಕೆ ಏರಿಸಿಡಿ ಎಂದು ಕೇಳಿಕೊಳ್ಳುವುದು ಇನ್ನೊಂದು.

ಗಾಳ ಹಾಕುವುದು ಕೆಲಸವಿಲ್ಲದವರ ಕೆಲಸ ಎಂದು ಮನೆಯವರು ಹೇಳುವುದನ್ನು ನೀವೆಲ್ಲ ಕೇಳಿರುತ್ತೀರಿ. ಆ ಮಾತನ್ನು ನಾನು ಒಪ್ಪುವುದಿಲ್ಲ. ನೀರಿನ ಮುಂದೆ ಮೂರು ತಾಸು ಸುಮ್ಮನೆ ಕೂರಬಲ್ಲ ಹುಡುಗನಿಗೆ ಬೇರೆಡೆ ಸಿಗದ ಒಂದು ವಿದ್ಯೆ ಅಲ್ಲಿ ಸಿಗುತ್ತದೆ. ಗಾಳಿ ಯಾವ ಕಡೆಯಿಂದ ಬೀಸುತ್ತಿದೆ, ನೀರು ಎಲ್ಲಿ ತಿರುಗುತ್ತಿದೆ, ಮಿಂಚುಳ್ಳಿ ಯಾವ ಕೊಂಬೆಯ ಮೇಲೆ ಕೂತಿದೆ, ನಿನ್ನೆ ತಿಳಿಯಾಗಿದ್ದ ನೀರು ಇವತ್ತು ಏಕೆ ಕದಡಿದೆ ಎಂಬುದನ್ನೆಲ್ಲ ಅವನು ಯಾರೂ ಹೇಳಿಕೊಡದೆ ಗಮನಿಸತೊಡಗುತ್ತಾನೆ. ಗಮನಿಸದವನಿಗೆ ಮೀನು ಸಿಗುವುದೇ ಇಲ್ಲ.

ನಮ್ಮಲ್ಲಿ ಹೆಚ್ಚಿನವರ ಆರಂಭ ಕಟ್ಟೆಯಲ್ಲಿ ಅಥವಾ ತೋಟದ ಹೊಂಡದಲ್ಲಿ. ಅಲ್ಲಿ ರೀಲು ಬೇಡ, ಕಾರ್ಬನ್ ರಾಡೂ ಬೇಡ. ಒಂದು ಬಿದಿರು ಕೋಲು, ಅಷ್ಟೇ ಉದ್ದದ ತಂಗೂಸಿ, ಜೋಳದ ದಂಟಿನ ಬೆಂಡು, ಸೀಸದ ಚೂರು, ಸಣ್ಣದೊಂದು ಗಾಳ ಇದ್ದರೆ ಸಾಕು. ಆ ಬೆಂಡನ್ನು ಓದಲು ಕಲಿತವನು ಅರ್ಧ ವಿದ್ಯೆ ಕಲಿತಂತೆಯೇ. ಪಕ್ಕೆ ಮೀನು ಬಂದರೆ ಬೆಂಡು ಚುಟುಕು ಚುಟುಕಾಗಿ ಕುಣಿಯುತ್ತದೆ. ಅವಸರಪಟ್ಟು ಎಳೆದರೆ ಖಾಲಿ ಗಾಳ ಮೇಲೆ ಬರುತ್ತದೆ. ಜಿಲೇಬಿ ಮೀನು ಎರೆಯನ್ನು ಬಾಯಲ್ಲಿಟ್ಟುಕೊಂಡು ಓಡುತ್ತದೆ, ಬೆಂಡು ಓರೆಯಾಗಿ ಜಾರಿ ಮುಳುಗುತ್ತದೆ. ಏಡಿಯಾದರೆ ಬೆಂಡು ನಿಧಾನವಾಗಿ ಪಕ್ಕಕ್ಕೆ ಸರಿಯುತ್ತ ಹೋಗುತ್ತದೆ, ಮುಳುಗುವುದೇ ಇಲ್ಲ. ಕೆಲವೊಮ್ಮೆ ಬೆಂಡು ಮುಳುಗುವ ಬದಲು ಮೇಲೆದ್ದು ನೀರಿನ ಮೇಲೆ ಅಡ್ಡ ಮಲಗುತ್ತದೆ. ತಳದಲ್ಲಿದ್ದ ಎರೆಯನ್ನು ಮೀನು ಬಾಯಿಗೆ ತೆಗೆದುಕೊಂಡು ಮೇಲೆ ಬಂದಿದೆ, ಸೀಸದ ಭಾರ ಬೆಂಡಿನಿಂದ ಇಳಿದಿದೆ ಎಂದು ಅದರ ಅರ್ಥ. ಕೈ ಎತ್ತಬೇಕಾದ ಕ್ಷಣ ಅದೇ. ಕಣ್ಣಿಗೆ ಕಾಣದ ಜೀವವೊಂದು ಏನು ಮಾಡುತ್ತಿದೆ ಎಂಬುದನ್ನು ಬೆರಳುದ್ದದ ಬೆಂಡಿನಿಂದ ತಿಳಿದುಕೊಳ್ಳುವ ಸುಖ ದೊಡ್ಡದು. ಅದನ್ನು ಅನುಭವಿಸಿದವರಿಗೆ ಮೀನು ಸಿಗದ ದಿನವೂ ವ್ಯರ್ಥವೆನಿಸುವುದಿಲ್ಲ.

ಕೆರೆಗೆ ಬಂದರೆ ಪಾಠ ಬದಲಾಗುತ್ತದೆ. ಕಾಟ್ಲಾ, ರೋಹು, ಮೃಗಾಲ್ ಮೂರೂ ಒಂದೇ ನೀರಿನಲ್ಲಿ ಬೆಳೆಯುತ್ತವೆ, ಆದರೆ ಊಟದ ಜಾಗ ಬೇರೆ ಬೇರೆ. ಹಿಡಿದ ಮೀನಿನ ಬಾಯಿಯನ್ನು ಒಮ್ಮೆ ಗಮನವಿಟ್ಟು ನೋಡಿ. ಕಾಟ್ಲಾದ ಬಾಯಿ ಅಗಲವಾಗಿ ಮೇಲ್ಮುಖವಾಗಿದೆ, ಅದು ಮೇಲ್ಪದರದ ನೀರಿನಲ್ಲಿ ಮೇಯುತ್ತದೆ. ಮೃಗಾಲಿನ ಬಾಯಿ ಕೆಳಮುಖ, ಅದು ತಳದ ಕೆಸರನ್ನು ಕೆದಕುತ್ತದೆ. ರೋಹು ಇವೆರಡರ ನಡುವೆ. ಬೆಂಡಿನಿಂದ ಗಾಳಕ್ಕೆ ಎಷ್ಟು ದಾರ ಬಿಡಬೇಕು ಎಂಬ ಪ್ರಶ್ನೆಗೆ ಉತ್ತರ ಮೀನಿನ ಮುಖದಲ್ಲೇ ಇದೆ. ಬೇಸಿಗೆಯ ಬೆಳಗಿನ ಜಾವ ಕೆರೆಯ ಮೀನುಗಳು ಮೇಲೆ ಬಂದು ಬಾಯಿ ತೆರೆದು ಗುಟುಕರಿಸುವುದನ್ನೂ ನೀವು ನೋಡಿರಬಹುದು. ಅವು ಹಸಿದು ಬಂದಿರುವುದಿಲ್ಲ, ಉಸಿರಿಗಾಗಿ ಬಂದಿರುತ್ತವೆ. ಹಗಲು ಬಿಸಿಲಿನಲ್ಲಿ ಪಾಚಿ ಮತ್ತು ನೀರಿನ ಗಿಡಗಳು ಆಮ್ಲಜನಕ ಬಿಡುತ್ತವೆ. ರಾತ್ರಿ ಅವೂ ಅದನ್ನೇ ಉಸಿರಾಡುತ್ತವೆ. ಹಾಗಾಗಿ ನಸುಕಿನ ಹೊತ್ತಿಗೆ ನೀರಿನಲ್ಲಿ ಆಮ್ಲಜನಕ ಅತಿ ಕಡಿಮೆ. ಕೊಳಚೆ ಸೇರಿದ ಕೆರೆಯಲ್ಲಿ ಈ ಕೊರತೆ ಮಿತಿಮೀರಿದರೆ ಒಂದೇ ರಾತ್ರಿಯಲ್ಲಿ ಮೀನುಗಳು ರಾಶಿ ರಾಶಿ ಸಾಯುತ್ತವೆ. 2016ರ ಮಾರ್ಚ್‌ನಲ್ಲಿ ಬೆಂಗಳೂರಿನ ಹಲಸೂರು ಕೆರೆಯಲ್ಲಿ ಸತ್ತ ಮೀನುಗಳು ನೀರಿನ ಮೇಲೆ ಹಾಸಿಕೊಂಡಿದ್ದ ಚಿತ್ರಗಳನ್ನು ಎಲ್ಲರೂ ನೋಡಿದ್ದೇವೆ. ದಿನಾ ದಡದಲ್ಲಿ ಕೂರುವವರಿಗೆ ಇಂಥದ್ದರ ಮುನ್ಸೂಚನೆ ಎಲ್ಲರಿಗಿಂತ ಮೊದಲು ಸಿಗುತ್ತದೆ. ಪಂಚಾಯಿತಿಗೆ ಹೇಳಬೇಕಾದವರು ನಾವೇ.

ಹೊಳೆಯದು ಇವೆರಡಕ್ಕಿಂತ ದೊಡ್ಡ ಶಾಲೆ. ಅಲ್ಲಿ ನೀರು ನಿಂತಿರುವುದಿಲ್ಲ, ಮೀನೂ ನಿಂತಿರುವುದಿಲ್ಲ. ಬಂಡೆಯ ಹಿಂದಿನ ನಿಧಾನದ ನೀರು, ಝರಿ ಬಂದು ಬೀಳುವ ಮಡು, ಅತ್ತಿಮರದ ಹಣ್ಣು ಉದುರುವ ಜಾಗ, ಬೇರು ಇಳಿಬಿದ್ದ ದಡದ ಪೊಟರೆ, ಒಂದೊಂದಕ್ಕೂ ಒಂದೊಂದು ಜಾತಿಯ ಮೀನು. ಕಾವೇರಿ ದಡದ ಹಳಬರು ಮಹಶೀರ್‌ಗೆ ರಾಗಿ ಹಿಟ್ಟಿನ ಉಂಡೆಯನ್ನು ಬೇಯಿಸಿ ಗಟ್ಟಿ ಮಾಡಿ ಗಾಳಕ್ಕೆ ಸಿಕ್ಕಿಸುತ್ತಿದ್ದರು. ದೇಶ ವಿದೇಶಗಳಿಂದ ಬೆಲೆಬಾಳುವ ರಾಡುಗಳನ್ನು ಹೊತ್ತು ಬಂದ ಗಾಳಗಾರರೂ ಕೊನೆಗೆ ನಮ್ಮ ಹಳ್ಳಿಯವರಿಂದ ಆ ರಾಗಿ ಉಂಡೆಯ ಹದ ಕೇಳಿ ಕಲಿತುಕೊಳ್ಳಬೇಕಾಯಿತು.

ಈ ಹುಚ್ಚು ನಮ್ಮ ನಾಡಿಗೆ ಹೊಸದಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೆಯ ಶತಮಾನದಲ್ಲಿ ಸಂಸ್ಕೃತದಲ್ಲಿ ಬರೆದ ‘ಮಾನಸೋಲ್ಲಾಸ’ದಲ್ಲಿ ಮತ್ಸ್ಯವಿನೋದ ಎಂಬ ಭಾಗವೇ ಇದೆ. ಯಾವ ಮೀನು ಯಾವ ನೀರಿನದು, ಯಾವುದಕ್ಕೆ ಹುರುಪೆ ಇದೆ, ಯಾವುದಕ್ಕೆ ಇಲ್ಲ, ಯಾವ ಮೀನಿಗೆ ಯಾವ ಎರೆ ಹಾಕಬೇಕು, ದಾರ ಹೇಗಿರಬೇಕು ಎಂದು ಅರಸನೊಬ್ಬ ಕೂತು ವಿವರಿಸಿದ್ದಾನೆ. ನಮ್ಮ ಕಾಲಕ್ಕೆ ಬಂದರೆ ಮೂಡಿಗೆರೆಯ ಪೂರ್ಣಚಂದ್ರ ತೇಜಸ್ವಿ ಇದ್ದರು. ಅಂಡಮಾನಿಗೆ ಹೋದಾಗಲೂ ಅವರು ಗಾಳ ಬಿಟ್ಟು ಹೋದವರಲ್ಲ. ಮೀನಿನ ಬೆನ್ನು ಹತ್ತಿದ ಕುತೂಹಲ ಹೊಳೆ, ಕಾಡು, ಹಕ್ಕಿ, ಮನುಷ್ಯ ಎಲ್ಲವನ್ನೂ ಮುಟ್ಟುತ್ತದೆ ಎಂಬುದಕ್ಕೆ ಅವರ ‘ಪರಿಸರದ ಕತೆ’ಯೇ ಸಾಕ್ಷಿ. ಆದ್ದರಿಂದ ಗಾಳ ಹಿಡಿದವರು ನಾಚಿಕೊಳ್ಳಬೇಕಾದ್ದು ಏನೂ ಇಲ್ಲ. ನಮಗಿಂತ ಮೊದಲು ಈ ದಡದಲ್ಲಿ ಕೂತವರು ನೀರನ್ನು ಬಲ್ಲವರಾಗಿದ್ದರು. ನಾವೂ ಬಲ್ಲವರಾಗಬೇಕು.

ಈಗ ಮಹಶೀರ್‌ನ ವಿಷಯ ಹೇಳುತ್ತೇನೆ. ನಾನು ಕೇಳಿಕೊಳ್ಳಬೇಕೆಂದಿರುವ ಮಾತಿಗೆ ಅದೇ ದಾರಿ.

1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದವರೊಬ್ಬರು ಕಬಿನಿಯಲ್ಲಿ 120 ಪೌಂಡಿನ, ಅಂದರೆ ಸುಮಾರು 54 ಕಿಲೋ ತೂಕದ ಮಹಶೀರನ್ನು ಗಾಳದಲ್ಲಿ ಹಿಡಿದರು. ಬೇಟೆಯ ಪ್ರಾಣಿಗಳ ಚರ್ಮವನ್ನು ಹದಮಾಡಿ ಜೀವಂತ ರೂಪ ಕೊಡುವ ಕೆಲಸಕ್ಕೆ ಹೆಸರಾಗಿದ್ದ ಮನೆತನ ಅದು. ಆ ಗಾತ್ರದ ಮೀನು ಕಾವೇರಿ ಕೊಳ್ಳದ ಹೆಮ್ಮೆ. ಬೆನ್ನಿನ ಮೇಲೆ ಡುಬ್ಬದಂಥ ಉಬ್ಬು, ಕಿತ್ತಳೆ ಬಣ್ಣದ ಈಜುರೆಕ್ಕೆಗಳು. ದವಡೆಯಲ್ಲಿ ಹಲ್ಲಿಲ್ಲದಿದ್ದರೂ ಗಂಟಲಿನೊಳಗೆ ಇರುವ ಹಲ್ಲುಗಳಿಂದ ಅದು ಏಡಿ, ಚಿಪ್ಪುಗಳನ್ನು ನುಜ್ಜುಗುಜ್ಜು ಮಾಡುತ್ತದೆ. ಭೀಮೇಶ್ವರಿ, ದೊಡ್ಡಮಾಕಳಿ, ಗಾಲಿಬೋರೆಗಳಲ್ಲಿ ಗಾಳದ ಶಿಬಿರಗಳು ನಡೆಯುತ್ತಿದ್ದ ಕಾಲದಲ್ಲಿ ಈ ಮೀನಿಗಾಗಿ ಜಗತ್ತಿನ ಮೂಲೆ ಮೂಲೆಯಿಂದ ಜನ ಬರುತ್ತಿದ್ದರು. ಅಲ್ಲಿ ಹಿಡಿದ ಮೀನನ್ನು ತೂಗಿ, ದಾಖಲೆ ಬರೆದು, ಮತ್ತೆ ಹೊಳೆಗೆ ಬಿಡುವುದು ನಿಯಮ. ಹೊಳೆದಡದ ಹಳ್ಳಿಯ ಹುಡುಗರು ಹರಿಗೋಲು ನಡೆಸುತ್ತ, ಗಾಳಗಾರರಿಗೆ ದಾರಿ ತೋರಿಸುತ್ತ ಸಂಬಳ ಪಡೆದರು, ರಾತ್ರಿ ಹೊತ್ತು ಡೈನಮೈಟ್ ಹಾಕಲು ಬರುವವರ ಮೇಲೆ ಕಣ್ಣಿಟ್ಟರು.

ವಿಶೇಷವೆಂದರೆ ಆ ಶಿಬಿರದ ದಾಖಲೆ ಪುಸ್ತಕಗಳೇ ಮುಂದೆ ವಿಜ್ಞಾನಕ್ಕೆ ನೆರವಾದವು. ಗಾಲಿಬೋರೆಯಲ್ಲಿ 1998ರಿಂದ 2012ರವರೆಗೆ ಗಾಳಗಾರರು ಬರೆದಿಟ್ಟ ಲೆಕ್ಕವನ್ನು ಸಂಶೋಧಕರು ಕೂತು ಪರಿಶೀಲಿಸಿದರು. ಒಟ್ಟಾರೆ ಸಿಗುವ ಮೀನುಗಳ ಸಂಖ್ಯೆ ಏರುತ್ತಿತ್ತು. ಆದರೆ ಏರುತ್ತಿದ್ದದ್ದು ಹೊರಗಿನಿಂದ ತಂದು ಬಿಟ್ಟಿದ್ದ ನೀಲಿ ರೆಕ್ಕೆಯ ಮಹಶೀರ್. ಲೋನಾವಳದ ಮರಿ ಉತ್ಪಾದನಾ ಕೇಂದ್ರದಲ್ಲಿ ಬೆಳೆಸಿದ ಆ ಜಾತಿಯ ಮರಿಗಳನ್ನು ಒಳ್ಳೆಯ ಉದ್ದೇಶದಿಂದಲೇ ಕಾವೇರಿಗೂ ಬಿಟ್ಟಿದ್ದರು. ಕಾವೇರಿಯದೇ ಆದ ಡುಬ್ಬದ ಮಹಶೀರ್ ಅದೇ ಅವಧಿಯಲ್ಲಿ ಅಪರೂಪವಾಗುತ್ತ ಹೋಗಿತ್ತು. ಅದರ ವೈಜ್ಞಾನಿಕ ಹೆಸರು ಯಾವುದು ಎಂಬುದು ಖಚಿತವಾದದ್ದೇ 2018ರಲ್ಲಿ. ಟಾರ್ ರೆಮಾದೇವಿ ಎಂಬ ಆ ಹೆಸರಿನೊಂದಿಗೇ ಅದು ಅಳಿವಿನ ಅಂಚಿನ ಅತಿ ಗಂಭೀರ ವರ್ಗಕ್ಕೆ ಸೇರಿತು. ನೂರಾರು ವರ್ಷ ನಮ್ಮ ಹೊಳೆಯ ಅರಸನಾಗಿದ್ದ ಮೀನಿಗೆ ಹೆಸರು ಸಿಕ್ಕಿದ್ದು ಅದು ಕಣ್ಮರೆಯಾಗುವ ಹೊತ್ತಿನಲ್ಲಿ.

ಇದರಿಂದ ನಾವು ಎರಡು ವಿಷಯ ಕಲಿಯಬೇಕು. ಗಾಳಗಾರನ ನೋಟುಪುಸ್ತಕಕ್ಕೆ ಬೆಲೆಯಿದೆ ಎಂಬುದು ಮೊದಲನೆಯದು. ಹೊಳೆಯ ಮೀನು ತಾನಾಗಿ ಹೆಚ್ಚುತ್ತದೆ ಎಂದು ನಂಬಿ ಕೂರುವ ಕಾಲ ಮುಗಿದಿದೆ ಎಂಬುದು ಎರಡನೆಯದು.

ಕೆರೆಯ ಕಾಟ್ಲಾ, ರೋಹುಗಳ ಕಥೆ ಬೇರೆ. ನಿಂತ ನೀರಿನಲ್ಲಿ ಅವು ಮರಿ ಮಾಡುವುದಿಲ್ಲ, ಅವಕ್ಕೆ ಪ್ರವಾಹದ ಹರಿವು ಬೇಕು. 1957ರ ಜುಲೈ 10ರಂದು ಒಡಿಶಾದ ಅಂಗುಲ್‌ನಲ್ಲಿ ಹೀರಾಲಾಲ್ ಚೌಧುರಿ ಮತ್ತು ಅವರ ಸಹೋದ್ಯೋಗಿಗಳು ಪಿಟ್ಯುಟರಿ ಗ್ರಂಥಿಯ ಸಾರವನ್ನು ಚುಚ್ಚುಮದ್ದಾಗಿ ಕೊಟ್ಟು ಈ ಗೆಂಡೆ ಮೀನುಗಳಿಂದ ಮೊಟ್ಟೆ ಇಡಿಸಿದರು. ಆ ದಿನವನ್ನು ಈಗ ರಾಷ್ಟ್ರೀಯ ಮೀನು ಕೃಷಿಕರ ದಿನವೆಂದು ಆಚರಿಸುತ್ತಾರೆ. ಅಂದಿನಿಂದ ಕೆರೆ ಖಾಲಿಯಾದರೆ ಮರಿ ತಂದು ಬಿಡುವ ದಾರಿ ತೆರೆಯಿತು. ನೀವು ಕೆರೆಯಲ್ಲಿ ಹಿಡಿಯುವ ಕಾಟ್ಲಾ ಯಾರೋ ದುಡ್ಡು ಕೊಟ್ಟು ತಂದು ಬಿಟ್ಟ ಮರಿ, ಬಹಳ ಕಡೆ ಅಲ್ಲಿನ ಮೀನುಗಾರರ ಸಹಕಾರ ಸಂಘ ಗುತ್ತಿಗೆ ಕಟ್ಟಿ ಸಾಕಿದ ಮೀನು. ಅದನ್ನು ಕೇಳಿಯೇ ಹಿಡಿಯಬೇಕು.

ಆದರೆ ಹೊಳೆಯ ಪಕ್ಕೆಗೆ, ಸಸ್ಲಿಗೆ, ಗಿರ್ಲಿಗೆ, ಬಾಳೆಗೆ, ಮುಗುಡಿಗೆ ಚುಚ್ಚುಮದ್ದು ಕೊಟ್ಟು ಮರಿ ಮಾಡಿಸಿ ತಂದು ಬಿಡುವವರು ಯಾರೂ ಇಲ್ಲ. ಅವು ಮಳೆಗಾಲದಲ್ಲಿ ತಾವೇ ಮೇಲೆ ಹತ್ತಿ, ತಾವೇ ಮೊಟ್ಟೆ ಇಟ್ಟರೆ ಉಂಟು, ಇಲ್ಲದಿದ್ದರೆ ಇಲ್ಲ.

ಮಲೆನಾಡಿನವರಿಗೆ ಹತ್ತುಮೀನು ಎಂದರೆ ವಿವರಿಸಬೇಕಿಲ್ಲ. ಬೇರೆ ಕಡೆಯವರಿಗಾಗಿ ಹೇಳುತ್ತೇನೆ. ಮುಂಗಾರಿನ ಮೊದಲ ದೊಡ್ಡ ಮಳೆಗಳಲ್ಲಿ ಹಳ್ಳಗಳು ಕೆಂಪಗೆ ತುಂಬಿ ಹರಿಯುತ್ತವೆ. ಆ ಹೊಸ ನೀರಿನ ವಾಸನೆಗೆ, ತಂಪಿಗೆ ತುಂಗೆ, ಭದ್ರೆ, ಹೇಮಾವತಿ, ಶರಾವತಿಗಳ ಮಡುಗಳಲ್ಲಿ ಬೇಸಿಗೆ ಕಳೆದ ಮೀನುಗಳು ಹರಿವಿಗೆ ಎದುರಾಗಿ ಹೊರಡುತ್ತವೆ. ಹೊಳೆಯಿಂದ ಹಳ್ಳಕ್ಕೆ, ಹಳ್ಳದಿಂದ ಕಾಲುವೆಗೆ, ಕಾಲುವೆಯಿಂದ ಗದ್ದೆಗೆ. ಪಾದ ಮುಳುಗುವಷ್ಟು ನೀರಿನಲ್ಲಿ ಬೆನ್ನು ಹೊರಗೆ ಹಾಕಿಕೊಂಡು, ಗದ್ದೆಯ ಬದು ಹಾರಿ, ಹುಲ್ಲಿನ ನಡುವೆ ಹೊರಳುತ್ತ ಮೇಲೆ ಹತ್ತುತ್ತವೆ. ಅವಕ್ಕೆ ಬೇಕಾದದ್ದು ತೆಳುವಾದ, ಬೆಚ್ಚನೆಯ, ದೊಡ್ಡ ಮೀನುಗಳ ಕಾಟವಿಲ್ಲದ ನೀರು. ಮರಿಗಳು ಮೊದಲ ದಿನಗಳನ್ನು ಕಳೆಯುವುದು ಅಲ್ಲೇ. ಈ ಹೊತ್ತಿನಲ್ಲಿ ಹಿಡಿದ ಪಕ್ಕೆಯ ಹೊಟ್ಟೆಯನ್ನು ಒಮ್ಮೆ ಸೀಳಿ ನೋಡಿದವರಿಗೆ ಗೊತ್ತು, ಕರುಳಿಗೂ ಜಾಗವಿಲ್ಲದಂತೆ ಹಳದಿ ಮೊಟ್ಟೆಯ ಎರಡು ಗೊನೆ ತುಂಬಿರುತ್ತದೆ. ಹಿರಿಯ ಗೆಂಡೆ ಮೀನುಗಳಾದರೆ ಒಂದು ಕಿಲೋ ತೂಕಕ್ಕೆ ಲಕ್ಷಕ್ಕೂ ಮೀರಿ ಮೊಟ್ಟೆ ಹೊತ್ತಿರುತ್ತವೆ. ಮಹಶೀರ್ ಇಡುವ ಮೊಟ್ಟೆ ಅದಕ್ಕೆ ಹೋಲಿಸಿದರೆ ತೀರ ಕಡಿಮೆ, ಹಾಗಾಗಿ ಒಂದು ತಾಯಿ ಮೀನು ಹೋದರೆ ಆಗುವ ನಷ್ಟ ಇನ್ನೂ ದೊಡ್ಡದು.

ಆ ರಾತ್ರಿಗಳಲ್ಲಿ ನಾವು ಟಾರ್ಚು ಹಿಡಿದು ಇಳಿಯುತ್ತೇವೆ. ಕತ್ತಿಯಲ್ಲಿ ಕಡಿಯುವವರಿದ್ದಾರೆ, ಕೂಣಿ ಒಡ್ಡುವವರಿದ್ದಾರೆ, ಸೊಳ್ಳೆಪರದೆಯನ್ನೇ ಬಲೆ ಮಾಡಿ ಕಾಲುವೆಗೆ ಅಡ್ಡ ಕಟ್ಟುವವರಿದ್ದಾರೆ. ಹಳ್ಳ ಹೊಳೆ ಸೇರುವ ಬಾಯಲ್ಲಿ ಸಾಲಾಗಿ ಗಾಳ ಇಳಿಬಿಟ್ಟುಕೊಂಡು ಕೂರುವವರು ನಮ್ಮವರೇ. ಬಿತ್ತನೆಗೆ ಇಟ್ಟ ಬೀಜವನ್ನೇ ಕುಟ್ಟಿ ಅನ್ನ ಮಾಡಿದಂತೆ ಇದು.

ಇಲ್ಲಿ ನೀವು ಎತ್ತಬಹುದಾದ ಆಕ್ಷೇಪಗಳು ನನಗೆ ಗೊತ್ತಿವೆ. ಹತ್ತುಮೀನು ಅಜ್ಜನ ಕಾಲದಿಂದ ಬಂದದ್ದು, ಆಗ ಮುಗಿಯದ ಮೀನು ಈಗ ಮುಗಿಯುತ್ತದೆಯೇ ಎಂದು ಕೇಳುತ್ತೀರಿ. ಅಜ್ಜನ ಕಾಲದಲ್ಲಿ ಹಳ್ಳದ ಗುಂಟ ನಾಲ್ಕಾರು ಮನೆಗಳಿದ್ದವು. ಕೈಯಲ್ಲಿ ಸೂಡಿಯ ಬೆಳಕಿತ್ತು. ಮೀನು ಹತ್ತುವ ದಾರಿಗಳು ನೂರಿದ್ದವು, ಅಜ್ಜ ಕಾದದ್ದು ಒಂದು ದಾರಿಯಲ್ಲಿ. ಈಗ ಹೊಳೆಗೆ ಅಡ್ಡಲಾಗಿ ಅಣೆಕಟ್ಟು, ಕಿಂಡಿ ಅಣೆಕಟ್ಟುಗಳಿವೆ, ಗದ್ದೆಗಳು ಅಡಿಕೆ ತೋಟಗಳಾಗಿವೆ, ಹಳ್ಳಗಳ ಮೋರಿಗಳು ಮೀನು ಹಾರಲಾಗದಷ್ಟು ಎತ್ತರದಲ್ಲಿವೆ. ಉಳಿದ ಒಂದೆರಡು ದಾರಿಯಲ್ಲೂ ಊರಿಗೆ ಊರೇ ಎಲ್‌ಇಡಿ ಟಾರ್ಚು ಹಿಡಿದು ನಿಂತರೆ ಮೇಲೆ ತಲುಪುವ ಮೀನು ಎಷ್ಟು?

ತೋಟೆ ಸಿಡಿಸುವವರನ್ನು, ಬ್ಲೀಚಿಂಗ್ ಪುಡಿ ಸುರಿಯುವವರನ್ನು, ಬ್ಯಾಟರಿಯಿಂದ ಕರೆಂಟು ಹಾಯಿಸುವವರನ್ನು, ಮರಳು ಬಗೆಯುವವರನ್ನು ಬಿಟ್ಟು ಒಂದು ಗಾಳದ ಮೀನಿಗೆ ಏಕೆ ಲೆಕ್ಕ ಕೇಳುತ್ತೀಯ ಎಂಬುದು ಎರಡನೆಯ ಪ್ರಶ್ನೆ. ನ್ಯಾಯವಾದ ಪ್ರಶ್ನೆ. ಮೀನಿಗೆ ಅವರಿಂದ ಆಗುವ ಹಾನಿಯ ಮುಂದೆ ನಮ್ಮದು ಚಿಕ್ಕದು. ತೋಟೆ, ವಿಷ ಎರಡನ್ನೂ ರಾಜ್ಯದ 1996ರ ಒಳನಾಡು ಮೀನುಗಾರಿಕೆ ಕಾಯ್ದೆ ಅಪರಾಧವೆಂದೇ ಹೇಳುತ್ತದೆ. ಆದರೆ ಅವರನ್ನು ಎದುರಿಸಿ ಮಾತಾಡುವ ನೈತಿಕ ಬಲ ನಮಗೆ ಬರಬೇಕಾದರೆ ನಮ್ಮ ಕೈ ಶುದ್ಧವಿರಬೇಕು. ಮೊಟ್ಟೆ ತುಂಬಿದ ಮೀನಿನ ಫೋಟೊ ಹಂಚಿಕೊಂಡು ಮರುದಿನ ಹೊಳೆ ಉಳಿಸಿ ಎಂದರೆ ಯಾರು ಕೇಳುತ್ತಾರೆ?

ಹೊಟ್ಟೆಪಾಡಿಗೆ ಬಲೆ ಬಿಡುವ ಮೀನುಗಾರರಿಗೆ ಈ ಪತ್ರ ಬರೆದಿಲ್ಲ. ಅವರ ಒಲೆ ಉರಿಯುವುದು ಅದರಿಂದ, ಅವರ ಕಷ್ಟಸುಖ ಬೇರೆ. ನಾವು ಸಂತೋಷಕ್ಕೆ ಗಾಳ ಹಾಕುವವರು. ಸಂತೋಷಕ್ಕೆ ಮಾಡುವ ಕೆಲಸವನ್ನು ಕೆಲವು ವಾರ ನಿಲ್ಲಿಸಿದರೆ ಯಾರ ಮನೆಯೂ ಉಪವಾಸ ಬೀಳುವುದಿಲ್ಲ.

ಹಾಗಾಗಿ ನನ್ನ ಕೋರಿಕೆ ಇದು. ಮೃಗಶಿರ ಮಳೆ ಹುಟ್ಟಿದ ದಿನದಿಂದ ಪುಷ್ಯ ಮಳೆ ಮುಗಿಯುವವರೆಗೆ ಹೊಳೆ ಮತ್ತು ಹಳ್ಳಗಳಲ್ಲಿ ಗಾಳ ಹಾಕುವುದನ್ನು ನಿಲ್ಲಿಸೋಣ. ಮೃಗಶಿರ, ಆರಿದ್ರಾ, ಪುನರ್ವಸು, ಪುಷ್ಯ, ನಾಲ್ಕೇ ನಕ್ಷತ್ರ. ಜೂನ್ ಎರಡನೆಯ ವಾರದಿಂದ ಆಗಸ್ಟಿನ ಮೊದಲ ದಿನಗಳವರೆಗೆ, ಸುಮಾರು 56 ದಿನ. ಕರಾವಳಿಯ ಯಾಂತ್ರಿಕ ದೋಣಿಗಳು ಪ್ರತಿವರ್ಷ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ದಡದಲ್ಲಿ ನಿಲ್ಲುತ್ತವೆ. ಅಷ್ಟು ದೊಡ್ಡ ಸಮುದ್ರಕ್ಕೆ ಬೇಕಾದ ಬಿಡುವು ನಮ್ಮ ಸಣ್ಣ ಹೊಳೆಗೆ ಬೇಡವೇ? ಬಯಲುಸೀಮೆಯಲ್ಲಿ ಹಳ್ಳಕ್ಕೆ ನೀರು ತಡವಾಗಿ ಬರುತ್ತದೆ. ಅಲ್ಲಿಯವರು ಕೆರೆ ಕೋಡಿ ಬಿದ್ದ ದಿನದಿಂದ ಲೆಕ್ಕ ಹಿಡಿಯಬಹುದು. ಮೀನುಗಾರಿಕೆ ಇಲಾಖೆ ನಿಮ್ಮ ಜಿಲ್ಲೆಯಲ್ಲಿ ನಿಷೇಧದ ಪ್ರಕಟಣೆ ಹೊರಡಿಸಿದ್ದರೆ ಅದು ಮೊದಲು. ಹೊರಡಿಸದಿದ್ದರೂ ನಾವು ಕಾಯೋಣ.

ಹಿಡಿಯದೆ ಬಿಡುವುದು ಈ ನೆಲಕ್ಕೆ ಹೊಸ ಪದ್ಧತಿಯೂ ಅಲ್ಲ. ಶೃಂಗೇರಿಯ ತುಂಗೆಯಲ್ಲಿ, ರಾಮನಾಥಪುರದ ಕಾವೇರಿಯಲ್ಲಿ, ಬೆಳ್ತಂಗಡಿ ತಾಲ್ಲೂಕಿನ ಶಿಶಿಲದ ಕಪಿಲೆಯಲ್ಲಿ ದೇವರ ಮೀನುಗಳಿಗೆ ಯಾರೂ ಗಾಳ ಹಾಕುವುದಿಲ್ಲ. ಶಿಶಿಲದಲ್ಲಿ 1996ರಲ್ಲಿ ದುಷ್ಕರ್ಮಿಗಳು ಹೊಳೆಗೆ ವಿಷ ಹಾಕಿ ಸಾವಿರಾರು ಮೀನುಗಳನ್ನು ಕೊಂದಾಗ ಊರಿನವರು ಆ ಮೀನುಗಳಿಗೊಂದು ಸ್ಮಾರಕವನ್ನೇ ಕಟ್ಟಿಸಿದರು. ಹೊಳೆಯ ಒಂದು ತುಂಡನ್ನು ನಮ್ಮ ಹಿರಿಯರು ವರ್ಷವಿಡೀ ಕಾದಿದ್ದಾರೆ. ಇಡೀ ಹೊಳೆಯನ್ನು ಎರಡು ತಿಂಗಳು ಕಾಯಲು ನಮ್ಮಿಂದ ಆಗುತ್ತದೆ.

ಉಳಿದ ಹತ್ತು ತಿಂಗಳ ಬಗ್ಗೆಯೂ ನಾಲ್ಕು ಮಾತು.

ಕುಚ್ಚು ಮೀನಿನ ಮರಿಗಳ ಗುಂಪನ್ನು ಕಂಡರೆ ಅಲ್ಲಿಂದ ಎದ್ದುಬಿಡಿ. ಕೆರೆಯ ಅಂಚಿನಲ್ಲಿ, ಜೊಂಡಿನ ಪಕ್ಕ, ಸಣ್ಣ ಸಣ್ಣ ಮರಿಗಳು ಒತ್ತೊತ್ತಾಗಿ ಸೇರಿ ನೀರಿನ ಮೇಲೆ ಕುದಿಯುವಂತೆ ಕಾಣುತ್ತವೆ. ಇಡೀ ಗುಂಪು ಒಟ್ಟಿಗೆ ಮೇಲೆ ಬಂದು ಗಾಳಿ ಗುಟುಕರಿಸಿ ಒಟ್ಟಿಗೆ ಇಳಿಯುತ್ತದೆ. ಅದರ ಕೆಳಗೆ ತಂದೆತಾಯಿ ಮೀನುಗಳು ಕಾವಲಿರುತ್ತವೆ. ಗುಂಪಿನ ನಡುವೆ ರಬ್ಬರಿನ ಕಪ್ಪೆ ಎಸೆದರೆ ಸಾಕು, ಹಸಿವಿಗಲ್ಲ, ಮರಿ ಉಳಿಸಲು ಅವು ಎರಗುತ್ತವೆ. ಇಷ್ಟು ಸುಲಭದ ಬೇಟೆ ಇನ್ನೊಂದಿಲ್ಲ. ಹಿಡಿದ ಅರ್ಧ ಗಂಟೆಯೊಳಗೆ ಆ ಮರಿಗಳ ಗುಂಪಿಗೆ ಜಿಲೇಬಿ, ಪಕ್ಕೆಗಳು ನುಗ್ಗುತ್ತವೆ. ಅಂಥ ಮೀನು ಹಿಡಿದು ಎತ್ತಿ ತೋರಿಸುವುದರಲ್ಲಿ ಜಾಣತನವೂ ಇಲ್ಲ, ಹೆಮ್ಮೆಯೂ ಇಲ್ಲ.

ಬಿಡಬೇಕೆಂದಿರುವ ಮೀನನ್ನು ಬದುಕುವಂತೆ ಬಿಡಿ. ಗಾಳದ ಹಿಮ್ಮುಳ್ಳನ್ನು ಇಕ್ಕಳದಿಂದ ಒತ್ತಿ ಮಟ್ಟ ಮಾಡಿದರೆ ಬಿಡಿಸುವುದು ಸುಲಭ. ಮೀನನ್ನು ಮುಟ್ಟುವ ಮುಂಚೆ ಕೈ ಒದ್ದೆ ಮಾಡಿಕೊಳ್ಳಿ. ಒಣಗೈ ತಾಗಿದರೆ ಅದರ ಮೈಮೇಲಿನ ಲೋಳೆ ಕಿತ್ತುಬರುತ್ತದೆ, ಸೋಂಕು ಅಲ್ಲಿಂದಲೇ ಶುರು. ಕಿವಿರಿಗೆ ಬೆರಳು ತೂರಿಸಬೇಡಿ. ಫೋಟೊ ಬೇಕಿದ್ದರೆ ನೀರಿನಲ್ಲೇ ಹಿಡಿದು ತೆಗೆಯಿರಿ. ಹರಿವಿಗೆ ಮುಖ ಮಾಡಿ ಹಿಡಿದುಕೊಂಡು, ಅದು ತಾನೇ ಬಾಲ ಬೀಸಿ ಹೊರಡುವ ತನಕ ಬಿಡಬೇಡಿ. ತಿನ್ನಲು ಬೇಕೇ, ಜಿಲೇಬಿ ಹಿಡಿಯಿರಿ. ಅದು 1950ರ ದಶಕದಲ್ಲಿ ಹೊರದೇಶದಿಂದ ಬಂದು ನಮ್ಮ ಕೆರೆಗಳನ್ನೆಲ್ಲ ಆಕ್ರಮಿಸಿಕೊಂಡ ಮೀನು, ಎಷ್ಟು ಹಿಡಿದರೂ ಊರ ಮೀನಿಗೆ ಉಪಕಾರವೇ. ಆಫ್ರಿಕನ್ ಕ್ಯಾಟ್‌ಫಿಶ್ ಸಿಕ್ಕರೆ ಮತ್ತೆ ನೀರಿಗೆ ಬಿಡಲೇಬೇಡಿ. ಮನೆಯ ಅಕ್ವೇರಿಯಂ ಮೀನನ್ನು ಪುಣ್ಯವೆಂದು ಕೆರೆಗೆ ಸುರಿಯುವುದೂ ಬೇಡ.

ತುಂಡಾದ ತಂಗೂಸಿಯನ್ನು ದಡದಲ್ಲಿ ಬಿಡಬೇಡಿ. ಅದು ಕೊಳೆಯುವುದಿಲ್ಲ, ನೀರುಕಾಗೆಯ, ಕೊಕ್ಕರೆಯ ಕಾಲಿಗೆ ಸುತ್ತಿಕೊಂಡು ಉರುಳಾಗುತ್ತದೆ. ಸುತ್ತಿ ಜೇಬಿಗೆ ಹಾಕಿಕೊಂಡು ಮನೆಗೆ ತನ್ನಿ.

ಕೆರೆ ಯಾರ ಗುತ್ತಿಗೆಯಲ್ಲಿದೆ ಎಂದು ಮೊದಲು ವಿಚಾರಿಸಿ. ಗಾಳಕ್ಕೂ ಪರವಾನಗಿಯ ವ್ಯವಸ್ಥೆ ಇದೆ, ತಾಲ್ಲೂಕಿನ ಮೀನುಗಾರಿಕೆ ಸಹಾಯಕ ನಿರ್ದೇಶಕರ ಕಚೇರಿಯಲ್ಲಿ ಕೇಳಿ. ಅಭಯಾರಣ್ಯ, ರಾಷ್ಟ್ರೀಯ ಉದ್ಯಾನಗಳೊಳಗೆ ಗಾಳ ಒಯ್ಯಲೇಬೇಡಿ. ತೆಪ್ಪದವರು, ಬಲೆಯವರು ಎದುರಾದರೆ ಅಣ್ಣ, ಮಾವ ಎಂದು ಮಾತಾಡಿಸಿ, ಪಕ್ಕ ಕೂತು ಕೇಳಿ. ಯಾವ ಪುಸ್ತಕದಲ್ಲೂ ಇಲ್ಲದ ಮೀನಿನ ಹೆಸರು, ನಡೆ ಅವರಿಗೆ ಗೊತ್ತಿರುತ್ತದೆ.

ಜೀವದ ಬಗ್ಗೆ ಎಚ್ಚರ. ಅಣೆಕಟ್ಟಿನ ಕೆಳಗಿನ ಹೊಳೆಯಲ್ಲಿ ಬಂಡೆಯಿಂದ ಬಂಡೆಗೆ ಹಾರಿ ನಡುವೆ ಹೋಗಿ ಕೂರಬೇಡಿ, ಬಾಗಿಲು ತೆರೆದರೆ ನೀರು ನಿಮಿಷಗಳಲ್ಲಿ ಏರುತ್ತದೆ. ಕಾಳಿ, ಕೃಷ್ಣೆ, ಕಬಿನಿಗಳಲ್ಲಿ ಮೊಸಳೆ ಇವೆ. ಕಾರ್ಬನ್ ರಾಡು ವಿದ್ಯುತ್ ಹರಿಸುತ್ತದೆ, ತಂತಿಯ ಕೆಳಗೆ ಬೀಸಬೇಡಿ, ಗುಡುಗು ಕೇಳಿಸಿದ ಕೂಡಲೇ ಮಡಚಿಡಿ. ಈಜು ಬಾರದವರು ಒಬ್ಬರೇ ಹೋಗಬೇಡಿ. ಎಲ್ಲಿಗೆ ಹೋಗುತ್ತೀರೆಂದು ಮನೆಯಲ್ಲಿ ಅಮ್ಮನಿಗೆ ಹೇಳಿ ಹೋಗಿ.

ಆ 56 ದಿನ ಏನು ಮಾಡುವುದು ಎಂದು ಕೇಳುವವರಿಗೆ ಹೇಳುತ್ತೇನೆ, ಮಾಡಲು ಬೇಕಾದಷ್ಟಿದೆ. ಗಾಳವಿಲ್ಲದೆ ಹಳ್ಳದ ದಡಕ್ಕೆ ಹೋಗಿ. ಮೀನು ಯಾವ ದಿನ ಹತ್ತಲು ಶುರುಮಾಡಿತು, ಎಷ್ಟು ಮಳೆಗೆ, ಯಾವ ಜಾತಿ ಮೊದಲು, ಯಾವ ಮೋರಿಯ ಕೆಳಗೆ ಹತ್ತಲಾಗದೆ ನಿಂತಿತು ಎಂಬುದನ್ನು ನೋಟುಪುಸ್ತಕದಲ್ಲಿ ಬರೆಯಿರಿ. ನಿಮ್ಮ ಊರಿನಲ್ಲಿ ಆ ಮೀನಿಗೆ ಏನೆನ್ನುತ್ತಾರೋ ಅದೇ ಹೆಸರಿನಲ್ಲಿ ಬರೆಯಿರಿ, ಜೊತೆಗೊಂದು ಫೋಟೊ ಇರಲಿ. ಮೋರಿಯ ಬಾಯಿಗೆ ನಾಲ್ಕು ಕಲ್ಲು ಜೋಡಿಸಿ ಮೆಟ್ಟಿಲು ಮಾಡಿಕೊಟ್ಟರೆ ಅಲ್ಲಿ ಸಿಕ್ಕಿಬಿದ್ದ ಮೀನು ಮೇಲೆ ಹತ್ತಬಹುದು. ಹತ್ತು ಊರಿನ ಹತ್ತು ಹುಡುಗರು ಐದು ವರ್ಷ ಹೀಗೆ ಬರೆದಿಟ್ಟರೆ ಒಂದು ಹೊಳೆಯ ಚರಿತ್ರೆ ಸಿದ್ಧವಾಗುತ್ತದೆ. ಗಾಲಿಬೋರೆಯ ದಾಖಲೆ ಪುಸ್ತಕಗಳು ಅಪಾಯವನ್ನು ತೋರಿಸಿಕೊಟ್ಟವು. ನಮ್ಮ ಪುಸ್ತಕಗಳು ಚೇತರಿಕೆಯನ್ನು ತೋರಿಸಲಿ.

ಮುಂದಿನ ಗ್ರಾಮಸಭೆಗೆ ನಾಲ್ಕು ಜನ ಒಟ್ಟಾಗಿ ಹೋಗಿ. ಮಳೆಗಾಲದಲ್ಲಿ ಹತ್ತುಮೀನು ಹಿಡಿಯಬಾರದು, ಹಳ್ಳಕ್ಕೆ ವಿಷ, ಕರೆಂಟು ಹಾಕಿದರೆ ಪೊಲೀಸರಿಗೆ ದೂರು ಎಂದು ಒಂದು ಠರಾವು ಮಾಡಿಸಿ, ಸೇತುವೆಯ ಬಳಿ ಒಂದು ಫಲಕ ಹಾಕಿಸಿ. ಹಿರಿಯರು ಮೊದಲು ಒಪ್ಪಲಿಕ್ಕಿಲ್ಲ. ವಾದಕ್ಕಿಳಿಯಬೇಡಿ, ಅವರು ಚಿಕ್ಕವರಿದ್ದಾಗ ಹೊಳೆಯಲ್ಲಿ ಯಾವ ಯಾವ ಮೀನಿತ್ತು, ಈಗ ಯಾವುದು ಕಾಣುತ್ತಿಲ್ಲ ಎಂದು ಕೇಳಿ. ಹೆಸರುಗಳನ್ನು ಒಂದೊಂದಾಗಿ ಎಣಿಸುವಾಗ ಅವರಿಗೇ ಅರ್ಥವಾಗುತ್ತದೆ.

ಗೆಳೆಯ ಗೆಳತಿಯರೇ, ನಿಮ್ಮ ಹುರುಪು ಕಡಿಮೆಯಾಗಬಾರದು. ಇನ್ನಷ್ಟು ಮಕ್ಕಳು ಗಾಳ ಹಿಡಿಯಲಿ, ಇನ್ನಷ್ಟು ಕೆರೆಯ ದಡಗಳು ಮಾತಿನಿಂದ, ನಗುವಿನಿಂದ ತುಂಬಲಿ. ಅದಕ್ಕೆ ನೀರಿನೊಳಗೆ ಮೀನಿರಬೇಕು, ಮೀನು ಇರಬೇಕಾದರೆ ಮೊಟ್ಟೆ ಇಡುವ ಮೀನನ್ನು ನಾವು ಬಿಡಬೇಕು. ಈ ವರ್ಷದ ಮೃಗಶಿರದಿಂದಲೇ ಶುರು ಮಾಡೋಣ. ನಿಮ್ಮ ಗುಂಪಿನಲ್ಲಿ ಈ ಪತ್ರ ಓದಿ, ಚರ್ಚಿಸಿ, ಒಪ್ಪಿಗೆಯಾದರೆ ಇನ್ನೊಂದು ಊರಿನ ಗಾಳಗಾರರಿಗೆ ದಾಟಿಸಿ.

ಇತಿ,
ನಿಮ್ಮವನೇ ಆದ ಒಬ್ಬ ಗಾಳಗಾರ